ಭವ್ಯಜನರ ಅನುಮತ: ಊರ ಹಣ, ಊರ ಕಟ್ಟಡ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಬುಕ್ಕರಾಯನ ಶಾಸನದ ಹೆಸರು ಕೇಳದ ಜೈನ ಮನೆತನ ಕರ್ನಾಟಕದಲ್ಲಿ ವಿರಳ. ಶಕವರ್ಷ 1290ರ, ಅಂದರೆ ಕ್ರಿ.ಶ. 1368ರ ಈ ಶಾಸನವನ್ನು ನಾವು ಸಾಮಾನ್ಯವಾಗಿ ಧರ್ಮಸಾಮರಸ್ಯದ ದಾಖಲೆಯೆಂದು ಸ್ಮರಿಸುತ್ತೇವೆ. ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ಸಾರಿದ ಪ್ರಸಂಗವನ್ನು ಉಪನ್ಯಾಸಕಾರರು ಪುನಃ ಪುನಃ ಹೇಳುತ್ತ ಬಂದಿದ್ದಾರೆ. ಅದು ಯುಕ್ತವೇ. ಆದರೆ ಅದೇ ಕಲ್ಲಿನ ಮುಂದಿನ ಸಾಲುಗಳು ಒಂದು ಹಣಕಾಸಿನ ಒಪ್ಪಂದ. ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾರ ಕೈಯಲ್ಲಿ ಆ ಹಣ ಇರಬೇಕು, ಮೊದಲು ಯಾವುದಕ್ಕೆ, ಉಳಿದರೆ ಯಾವುದಕ್ಕೆ ಎಂಬುದನ್ನೆಲ್ಲ ಅಲ್ಲಿ ಕ್ರಮವಾಗಿ ಬರೆಯಲಾಗಿದೆ. ಆ ಭಾಗವನ್ನು ಓದುವವರು ಕಡಿಮೆ. ಲೆಕ್ಕದ ಪುಸ್ತಕಗಳ ನಡುವೆ ಆಯುಷ್ಯ ಕಳೆದವರ ಕಣ್ಣಾದರೂ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಇಂದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಂತಹ ಸಣ್ಣ ಪಟ್ಟಣಗಳಲ್ಲಿ ಊರಿನ ಹಣದಿಂದ ಹೊಸ ಕಟ್ಟಡವೊಂದನ್ನು ಕಟ್ಟಬೇಕಾದಾಗ ಊರವರನ್ನು ಕೇಳಬೇಕೇ, ಕೇಳುವುದಾದರೆ ಯಾವಾಗ ಕೇಳಬೇಕು ಎಂಬ ಪ್ರಶ್ನೆಗೆ ಆ ಸಾಲುಗಳಲ್ಲಿ ಒಂದು ಉತ್ತರವಿದೆ ಎಂಬುದು ನನ್ನ ನಂಬಿಕೆ.

ಸಂದರ್ಭವನ್ನು ಚುಟುಕಾಗಿ ನೆನೆಯೋಣ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಜೈನರು ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನು ಕರೆಸಲಾಯಿತು. ಹೀಗೆ ಕರೆಸಿಕೊಂಡವರಲ್ಲಿ ಶ್ರೀರಂಗ, ತಿರುಪತಿ, ಕಂಚಿಗಳವರೊಡನೆ ತಿರುನಾರಾಯಣಪುರದ ಆಚಾರ್ಯರೂ ಇದ್ದರು. ತಿರುನಾರಾಯಣಪುರವೆಂದರೆ ಪಾಂಡವಪುರ ತಾಲ್ಲೂಕಿನ ನಮ್ಮ ಮೇಲುಕೋಟೆಯೇ. ಆದ್ದರಿಂದ ಈ ಒಪ್ಪಂದ ಎಲ್ಲೋ ಹಂಪೆಯಲ್ಲಿ ನಡೆದ ರಾಜಕಾರ್ಯವೆಂದು ಮಂಡ್ಯ ಸೀಮೆಯ ಓದುಗರು ದೂರವಿಡಬೇಕಾಗಿಲ್ಲ. ಈ ಸೀಮೆ ಅದರಲ್ಲಿ ಒಂದು ಪಕ್ಷವಾಗಿತ್ತು. ಇನ್ನೂ ಗಮನಿಸಬೇಕಾದುದೆಂದರೆ, ಶಾಸನವು ಆಚಾರ್ಯರನ್ನು ಹೆಸರಿಸಿ ಅಲ್ಲಿಗೇ ನಿಲ್ಲುವುದಿಲ್ಲ. ತಿರುಕುಲ, ಜಾಂಬವಕುಲಗಳನ್ನೂ, ಎಂದರೆ ಸಮಾಜವು ಅತ್ಯಂತ ಕೆಳಗೆ ಕೂರಿಸಿದ್ದ ಜನವರ್ಗಗಳನ್ನೂ, ಹೆಸರಿಸುತ್ತದೆ. ಇಂದಿನ ಎಷ್ಟು ಪಟ್ಟಣಗಳ ಸಮಾಲೋಚನಾ ಸಭೆಗಳ ನಡಾವಳಿಯಲ್ಲಿ ಪೌರಕಾರ್ಮಿಕರ ಹೆಸರು ಬರುತ್ತದೆಂದು ಓದುಗರೇ ಯೋಚಿಸಬಹುದು.

ಇನ್ನು ಹಣದ ವಿಷಯ. ಸಮಸ್ತ ರಾಜ್ಯದ ಜೈನರು ಬಾಗಿಲುಗಟ್ಟಳೆಯಾಗಿ, ಮನೆಗೊಂದು ಹಣದಂತೆ, ವರ್ಷಕ್ಕೊಮ್ಮೆ ಕೊಡಬೇಕು. ಹೀಗೆ ಕೂಡಿದ ಹಣವು ತಿರುಮಲೆಯ ತಾತಯ್ಯನ ವಶದಲ್ಲಿರಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣ ಜಿನಾಲಯಗಳಿಗೆ ಸೊದೆ, ಅಂದರೆ ಸುಣ್ಣ, ಹಚ್ಚಿಸಬೇಕು. ಇಷ್ಟನ್ನೂ ತಾತಯ್ಯನು ಯಾವ ಅಧಿಕಾರದಿಂದ ಮಾಡತಕ್ಕದ್ದು? ಅರಸನ ಆಜ್ಞೆಯೊಂದರಿಂದಲೇ ಅಲ್ಲ. ಸಮಸ್ತ ರಾಜ್ಯದ ಭವ್ಯಜನರ ಅನುಮತದಿಂದ ಎಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಭವ್ಯಜನರೆಂದರೆ ಇಲ್ಲಿ ಹಣ ಕೊಡುವ ಜೈನರು.

ಅನುಮತ. ಈ ಒಂದು ಪದದ ಮೇಲೆ ನಾನು ಓದುಗರನ್ನು ನಿಲ್ಲಿಸಬಯಸುತ್ತೇನೆ. ಇದು ಆಡಳಿತದ ಪದವಾಗುವ ಮೊದಲೇ ನಮ್ಮ ಸಿದ್ಧಾಂತದ ಪದ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮಾಸ್ರವಕ್ಕೆ ಕಾರಣವಾಗುವ ಜೀವಾಧಿಕರಣವನ್ನು ವಿಂಗಡಿಸುವಾಗ ಕೃತ, ಕಾರಿತ, ಅನುಮತ ಎಂದು ಮೂರು ಹೇಳುತ್ತದೆ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು. ಇದರ ಜೊತೆಗೆ ಇನ್ನೂ ಒಂದು ತ್ರಯವಿದೆ: ಸಂರಂಭ, ಸಮಾರಂಭ, ಆರಂಭ. ಕಾರ್ಯವನ್ನು ಮಾಡಬೇಕೆಂಬ ಸಂಕಲ್ಪ ಸಂರಂಭ. ಅದಕ್ಕೆ ಬೇಕಾದ ಸಾಧನಸಾಮಗ್ರಿಗಳನ್ನು ಕೂಡಿಸುವುದು ಸಮಾರಂಭ. ಕಾರ್ಯಕ್ಕೆ ಕೈಹಚ್ಚುವುದು ಆರಂಭ. ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದಲೂ, ಕೃತಾದಿ ಮೂರರಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳು 108 ಏಕೆಂದು ಮಕ್ಕಳು ಕೇಳಿದಾಗ ಮನೆಯ ಹಿರಿಯರು ಹೇಳುವ ಲೆಕ್ಕ ಇದೇ. ಬಾಲ್ಯದಿಂದ ಎಣಿಸುತ್ತ ಬಂದ ಈ ಮಣಿಗಳನ್ನು ಪುರಸಭೆಯ ಕಟ್ಟಡಕ್ಕೆ ಅನ್ವಯಿಸುವುದು ವಿಚಿತ್ರವೆನಿಸಬಹುದು. ಆದರೆ ಅನ್ವಯಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಒಂದು ಪಟ್ಟಣದಲ್ಲಿ ಹೊಸ ಕಚೇರಿ ಕಟ್ಟಡವನ್ನೋ ವಾಣಿಜ್ಯ ಸಂಕೀರ್ಣವನ್ನೋ ಕಟ್ಟುವುದೆಂದಿಟ್ಟುಕೊಳ್ಳೋಣ. ಕ್ರಿಯಾಯೋಜನೆಯಲ್ಲಿ ಸೇರಿಸಿ ಸಭೆಯಲ್ಲಿ ನಿರ್ಣಯ ಅಂಗೀಕರಿಸುವುದು ಸಂರಂಭ. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು, ಗುತ್ತಿಗೆದಾರರೊಡನೆ ಕರಾರು, ಇವೆಲ್ಲ ಸಮಾರಂಭ. ಗುದ್ದಲಿ ಪೂಜೆಯಿಂದ ಆರಂಭ. ಸಾಮಾನ್ಯ ನಾಗರಿಕನಿಗೆ ಆಹ್ವಾನ ಬರುವುದು ಯಾವ ಘಟ್ಟದಲ್ಲಿ? ಶಾಮಿಯಾನ ಹಾಕಿ, ಗುದ್ದಲಿಗೆ ಅರಿಸಿನ ಕುಂಕುಮ ಹಚ್ಚಿದ ಮೇಲೆ. ಆಗ ಅವನು ಚಪ್ಪಾಳೆ ತಟ್ಟಬಹುದು, ಇಲ್ಲವೇ ತಟ್ಟದೆ ಕೂರಬಹುದು. ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಆಡಳಿತದ ಭಾಷೆಯಲ್ಲೂ ಶಂಕುಸ್ಥಾಪನೆಯನ್ನು ನಾವು ಸಮಾರಂಭವೆಂದೇ ಕರೆಯುತ್ತೇವೆ. ಸೂತ್ರದ ಲೆಕ್ಕದಲ್ಲಿ ಅದು ಸಮಾರಂಭವೂ ಅಲ್ಲ, ಅದನ್ನೂ ದಾಟಿದ ಘಟ್ಟ.

ಬುಕ್ಕರಾಯನ ಶಾಸನದಲ್ಲಿ ಅನುಮತ ಬರುವ ಸ್ಥಾನ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಮೊದಲು ಅನುಮತ, ಆಮೇಲೆ ಹಣ ಎತ್ತುವುದು, ಆಮೇಲೆ ಆಳುಗಳ ನೇಮಕ, ಕಡೆಗೆ ಸುಣ್ಣ. ವಿಷಯದ ತಿರುಳು ಇಷ್ಟೇ: ಸಂರಂಭದಲ್ಲಿ ಕೇಳಿದ್ದು ಸಮ್ಮತಿ; ಆರಂಭದಲ್ಲಿ ಕೇಳಿದ್ದು ಪ್ರೇಕ್ಷಕರ ಎಣಿಕೆ.

ನಮ್ಮನ್ನು ಕೇಳದೆ ಮಾಡಿದರೆ ಅದರ ದೋಷವೂ ನಮಗಿಲ್ಲವಷ್ಟೆ, ಸುಮ್ಮನಿರುವುದೇ ಕ್ಷೇಮವೆಂದು ವಾದಿಸುವ ಸಾಧರ್ಮಿಗಳೂ ಉಂಟು. ಈ ವಾದ ಮೇಲುನೋಟಕ್ಕೆ ಹಿತವಾಗಿ ಕಾಣುತ್ತದೆ. ಆದರೆ ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮವನ್ನು ನೋಡಿ. ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ. ಅನುಮತಿತ್ಯಾಗ ಬರುವುದು ಹತ್ತನೆಯದಾಗಿ. ವ್ಯಾಪಾರವನ್ನು ಬಿಟ್ಟವನಿಗೂ, ಸ್ವತ್ತನ್ನು ಬಿಟ್ಟವನಿಗೂ, ಮನೆಯವರ ಲೌಕಿಕ ಕಾರ್ಯಕ್ಕೆ ತಲೆಯಾಡಿಸುವ ಅಭ್ಯಾಸ ಇನ್ನೂ ಉಳಿದಿರುತ್ತದೆ. ಅದನ್ನು ಬಿಡುವುದು ಅಷ್ಟು ಕಷ್ಟ. ಆಸ್ತಿ ತೆರಿಗೆಯ ರಸೀದಿ ಪಡೆಯುವ, ಸಂಕೀರ್ಣದಲ್ಲಿ ಮಳಿಗೆಗೆ ಅರ್ಜಿ ಹಾಕುವ, ಉದ್ಘಾಟನೆಯ ದಿನ ಹಾರ ಹಿಡಿದು ನಿಲ್ಲುವ ನಾವು ಹತ್ತನೆಯ ಪ್ರತಿಮಾಧಾರಿಗಳಂತೆ ನನಗೆ ಸಂಬಂಧವಿಲ್ಲವೆನ್ನಲಾಗದು. ಊರಿನ ಹಣದಿಂದ, ಊರಿನ ಹೆಸರಿನಲ್ಲಿ ಆಗುವ ಕಾರ್ಯ ಪ್ರತಿಯೊಬ್ಬ ತೆರಿಗೆದಾರನ ಪಾಲಿಗೂ ಕಾರಿತವೇ. ಮಾಡಿಸಿದವರು ನಾವು. ಮಾಡಿಸುವವನಿಗೆ ಏನು ಮಾಡಿಸುತ್ತಿದ್ದೇನೆಂಬ ತಿಳಿವು ಬೇಡವೇ?

ಸ್ವಂತ ಹಣದ ದಾನಕ್ಕೂ ಊರ ಹಣದ ವೆಚ್ಚಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನಲ್ಲಿ ಹನ್ನೆರಡನೆಯ ಶತಮಾನದ ಆರಂಭದಲ್ಲಿ ನೊಳಬಿಸೆಟ್ಟಿಯ ಪತ್ನಿ ದೇಮಿಕಬ್ಬೆ ಜಿನಾಲಯವನ್ನು ಕಟ್ಟಿಸಿದಳು. ಅದು ಅವಳ ಮನೆಯ ಸಂಪತ್ತು, ಅವಳ ಸಂಕಲ್ಪ. ಊರನ್ನು ಕೇಳಬೇಕಾದ ಪ್ರಮೇಯವಿರಲಿಲ್ಲ. ಬಾಗಿಲುಗಟ್ಟಳೆಯಾಗಿ ಎತ್ತಿದ ಹಣ ಅಂಥದ್ದಲ್ಲ. ಅದರಲ್ಲಿ ಹೂ ಮಾರುವವಳ ಹಣವೂ ಸೇರಿದೆ, ಬಾಡಿಗೆ ಮನೆಯಲ್ಲಿರುವವನು ಮಾಲೀಕನ ಮೂಲಕ ಕಟ್ಟಿದ ಹಣವೂ ಸೇರಿದೆ. ಸದಸ್ಯರಾಗಲಿ ಅಧಿಕಾರಿಯಾಗಲಿ ಅದನ್ನು ದೇಮಿಕಬ್ಬೆಯ ಔದಾರ್ಯದಿಂದ ಖರ್ಚು ಮಾಡತೊಡಗಿದರೆ ಅದು ಔದಾರ್ಯವಾಗದು. ಯಾರದೋ ದ್ರವ್ಯದಿಂದ ಕಟ್ಟಿದ ಗೋಡೆಯ ಮೇಲೆ ತಮ್ಮ ಹೆಸರಿನ ಅಮೃತಶಿಲೆ ಕೂರಿಸುವ ಪದ್ಧತಿ ನಮ್ಮ ಕಾಲದಲ್ಲಿ ಎಲ್ಲ ಪಕ್ಷಗಳಿಗೂ ಸಮಾನವಾಗಿ ಒಗ್ಗಿದೆ.

ಈಗಿನ ಕಾನೂನು ಏನು ಹೇಳುತ್ತದೆಂದು ನೋಡೋಣ. ಇಲ್ಲಿ ನಮ್ಮ ನಾಲ್ಕು ಪಟ್ಟಣಗಳಿಗೆ ಸಂಬಂಧಿಸಿದ ಒಂದು ವಿಶೇಷವಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. ಅದೇ ವರ್ಷ ಜಾರಿಗೆ ಬಂದ 74ನೆಯ ತಿದ್ದುಪಡಿ ನಗರಗಳಲ್ಲಿ ವಾರ್ಡು ಸಮಿತಿಗಳನ್ನು ರಚಿಸಬೇಕೆಂದಿತು. ಆದರೆ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ ಅದನ್ನು ಕಡ್ಡಾಯ ಮಾಡಿತು. 2011ರ ಜನಗಣತಿಯಂತೆ ನಮ್ಮ ನಾಲ್ಕು ಪಟ್ಟಣಗಳಲ್ಲಿ ಒಂದೂ ಅರ್ಧ ಲಕ್ಷವನ್ನು ಮುಟ್ಟಿಲ್ಲ. ಪರಿಣಾಮವೇನೆಂದರೆ, ಹಳ್ಳಿಯ ರೈತನಿಗೆ ಸಂವಿಧಾನವೇ ಗ್ರಾಮಸಭೆಯ ಜಗುಲಿಯನ್ನು ತೋರಿಸಿದೆ. ಮೈಸೂರಿನ ನಿವಾಸಿಗೆ ವಾರ್ಡು ಸಮಿತಿಯನ್ನು ತೋರಿಸಿದೆ. ನಡುವಿನ ಸಣ್ಣ ಪಟ್ಟಣದವನಿಗೆ ಸಂವಿಧಾನದ ಮಟ್ಟದಲ್ಲಿ ಅಂತಹ ಕಟ್ಟಳೆ ಒಂದೂ ಇಲ್ಲ. ಹಳ್ಳಿ ಬೆಳೆದು ಪಟ್ಟಣವಾದಾಗ ಅದರ ನಿವಾಸಿ ಬೀದಿದೀಪ ಪಡೆಯುತ್ತಾನೆ, ತೆರಿಗೆಯ ಏರಿಕೆ ಪಡೆಯುತ್ತಾನೆ, ಗ್ರಾಮಸಭೆಯನ್ನು ಕಳೆದುಕೊಳ್ಳುತ್ತಾನೆ. ಊರು ದೊಡ್ಡದಾಯಿತೆಂದು ಹಿಗ್ಗುವಾಗ ಈ ನಷ್ಟವನ್ನು ಯಾರೂ ಖಾತೆಗೆ ಬರೆದುಕೊಳ್ಳುವುದಿಲ್ಲ.

ಹಾಗೆಂದು ಯಾವ ದಾರಿಯೂ ಇಲ್ಲವೆನ್ನುವಂತಿಲ್ಲ. 2006ರ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಆಯವ್ಯಯ ಸಿದ್ಧಪಡಿಸುವಾಗ ನಾಗರಿಕರೊಡನೆ ಸಮಾಲೋಚಿಸಲು ಅವಕಾಶ ಮಾಡಿವೆ. ಆಯವ್ಯಯ ಪೂರ್ವಭಾವಿ ಸಭೆ ಎಂಬ ಹೆಸರಿನಲ್ಲಿ ನಡೆಯುವ ಸಭೆ ಇದೇ. 2005ರ ಮಾಹಿತಿ ಹಕ್ಕು ಅಧಿನಿಯಮದ ನಾಲ್ಕನೆಯ ಪ್ರಕರಣವು, ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗ ಅಥವಾ ತೀರ್ಮಾನಗಳನ್ನು ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನೂ ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕೆನ್ನುತ್ತದೆ. ಅರ್ಜಿ ಹಾಕಿ ಹತ್ತು ರೂಪಾಯಿ ಕಟ್ಟುವ ತನಕ ಕಾಯಬೇಕಾಗಿಲ್ಲವೆಂದೇ ಅದರ ಆಶಯ. ಇನ್ನು ಸಾರ್ವಜನಿಕ ಖರೀದಿಗಳಲ್ಲಿ ಪಾರದರ್ಶಕತೆಯ 1999ರ ರಾಜ್ಯ ಅಧಿನಿಯಮವನ್ನು ಅನೇಕರು ಈ ಚರ್ಚೆಯಲ್ಲಿ ಎತ್ತುತ್ತಾರೆ. ಟೆಂಡರು ಕರೆದಿದ್ದೇವೆ, ಎಲ್ಲವೂ ಪಾರದರ್ಶಕ ಎನ್ನುತ್ತಾರೆ. ಆ ಕಾನೂನು ಒಳ್ಳೆಯದೇ. ಆದರೆ ಅದು ಯಾರಿಂದ, ಎಷ್ಟಕ್ಕೆ ಕೊಳ್ಳಬೇಕೆಂಬುದನ್ನು ಹೇಳುತ್ತದೆ. ಕೊಳ್ಳಬೇಕೇ ಎಂಬ ಪ್ರಶ್ನೆ ಅದರ ಹೊರಗಿನದು. ಬೇಡದ ಸರಕನ್ನು ಅತಿ ಕಡಿಮೆ ಬೆಲೆಗೆ ಕೊಂಡ ವರ್ತಕನನ್ನು ಜಾಣನೆಂದು ಯಾವ ಪೇಟೆಯೂ ಕರೆಯುವುದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳನ್ನು ಹೇಳುವಾಗ ಪ್ರಮಾದಚರ್ಯೆ ಎಂಬುದನ್ನು ವಿವರಿಸುತ್ತದೆ. ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರಗಳನ್ನು ಕಡಿಯುವುದು ಪ್ರಮಾದಚರ್ಯೆಗಳು. ಪ್ರಯೋಜನವಿದ್ದಾಗ ಗೃಹಸ್ಥನು ಇವನ್ನು ಮಾಡಲೇಬೇಕಾಗುತ್ತದೆ; ಮನೆ, ಬಾವಿ, ಛತ್ರ ಯಾವುದೂ ಅಗೆಯದೆ ಆಗುವುದಿಲ್ಲ. ದೋಷ ಇರುವುದು ವಿಫಲವಾದ ಅಗೆತದಲ್ಲಿ. ಇಂದಿನ ಕಟ್ಟಡವೊಂದರ ಹಿಂದೆ ಎಷ್ಟು ಹೊಳೆಯ ಮರಳು, ಎಷ್ಟು ಕ್ವಾರಿಯ ಜಲ್ಲಿ, ಎಷ್ಟು ಇಟ್ಟಿಗೆ ಗೂಡಿನ ಸೌದೆ, ಎಷ್ಟು ನೀರು ಇರುತ್ತದೆಂಬುದು ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು. ಕಾವೇರಿ, ಲೋಕಪಾವನಿ, ಹೇಮಾವತಿಗಳ ದಡದ ಜನರಿಗಂತೂ ಮರಳಿನ ಕಥೆ ಹೇಳಬೇಕಾಗಿಲ್ಲ. ಆ ಕಟ್ಟಡ ಉಪಯೋಗಕ್ಕೆ ಬಾರದಿದ್ದರೆ ಅಲ್ಲಿ ನಷ್ಟವಾದದ್ದು ರೂಪಾಯಿ ಮಾತ್ರವಲ್ಲ. ಆದ್ದರಿಂದ ಪ್ರಯೋಜನವುಂಟೇ ಎಂದು ಮೊದಲೇ ವಿಚಾರಿಸುವುದು ಅಹಿಂಸಾಣುವ್ರತಿಯ ಕರ್ತವ್ಯದೊಳಗೇ ಬರುತ್ತದೆ. ಆ ಪ್ರಯೋಜನವನ್ನು ಬಲ್ಲವರು ಯಾರು? ಉಪಯೋಗಿಸಬೇಕಾದವರೇ.

ವಾಣಿಜ್ಯ ಸಂಕೀರ್ಣದ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಕ್ಷೆ ಬರೆಯುವ ಮೊದಲು ಊರಿನ ನಾಲ್ವರು ಕಿರಾಣಿ ವರ್ತಕರನ್ನೂ ಇಬ್ಬರು ತರಕಾರಿ ಮಾರುವ ಹೆಂಗಸರನ್ನೂ ಕೇಳಿದರೆ ಅರ್ಧ ಗಂಟೆಯಲ್ಲಿ ತಿಳಿಯುವ ಸಂಗತಿಗಳಿವೆ. ಮಳಿಗೆಯ ನೆಲ ರಸ್ತೆಗಿಂತ ಮೂರು ಮೆಟ್ಟಿಲು ಮೇಲಿದ್ದರೆ ಮೂಟೆ ಇಳಿಸುವ ಹಮಾಲಿಯ ಕೂಲಿ ಏರುತ್ತದೆ, ವಯಸ್ಸಾದ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಲಾರಿ ನಿಲ್ಲಲು ಜಾಗವಿಲ್ಲದ ಕಡೆ ಸಗಟು ವ್ಯಾಪಾರ ನಡೆಯದು. ಪಶ್ಚಿಮಕ್ಕೆ ಮುಖ ಮಾಡಿದ ಮಳಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಬೆಲ್ಲ ಕರಗುತ್ತದೆ, ಬಟ್ಟೆಯ ಬಣ್ಣ ಹೋಗುತ್ತದೆ. ಮೊದಲ ಮಹಡಿಯ ಮಳಿಗೆಗೆ ಸಣ್ಣ ಪಟ್ಟಣದ ಗಿರಾಕಿ ಹತ್ತುವುದೇ ಅಪರೂಪ. ಅಲ್ಲಿಗೆ ದರ್ಜಿಯೋ ವಿಮಾ ಏಜೆಂಟನೋ ಬಂದರೆ ಬರಬೇಕು. ಮುಂಗಡ ಠೇವಣಿ ದೊಡ್ಡದಾದರೆ ಹರಾಜಿನಲ್ಲಿ ಹಿಡಿಯುವವನು ನಿಜವಾದ ವ್ಯಾಪಾರಿಯಾಗಿರುವುದಿಲ್ಲ, ಹಿಡಿದು ಒಳಬಾಡಿಗೆಗೆ ಕೊಡುವವನಾಗಿರುತ್ತಾನೆ. ಇದನ್ನೆಲ್ಲ ಯಾವ ಎಂಜಿನಿಯರಿಂಗ್ ಪುಸ್ತಕವೂ ಹೇಳುವುದಿಲ್ಲ. ಕೇಳದೆ ಕಟ್ಟಿ, ಷಟರು ಎಳೆದುಕೊಂಡು ನಿಂತ ಸಂಕೀರ್ಣಗಳನ್ನು ನೋಡಲು ಹೆಚ್ಚು ದೂರ ಪ್ರಯಾಣ ಮಾಡಬೇಕಾಗಿಲ್ಲ.

ಶ್ರೀರಂಗಪಟ್ಟಣದ ಸ್ಥಿತಿ ಇನ್ನೂ ಸೂಕ್ಷ್ಮ. ರಂಗನಾಥಸ್ವಾಮಿ ದೇವಾಲಯ, ಜುಮ್ಮಾ ಮಸೀದಿ, ದರಿಯಾ ದೌಲತ್, ಗುಂಬಜ್, ಸೆರೆಮನೆಗಳು ಮೊದಲಾದ ಅನೇಕ ಕೇಂದ್ರ ಸಂರಕ್ಷಿತ ಸ್ಮಾರಕಗಳು ಆ ಪುಟ್ಟ ದ್ವೀಪದಲ್ಲಿವೆ. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ. ಅಂತಹ ಊರಿನಲ್ಲಿ ನಿವೇಶನ ಗೊತ್ತುಮಾಡುವ ಮೊದಲು ಪುರಾತತ್ತ್ವ ಇಲಾಖೆಯವರನ್ನೂ ಊರಿನ ಹಳಬರನ್ನೂ ಕೂರಿಸಿಕೊಂಡು ಮಾತಾಡದೆ ಅಂದಾಜು ಪಟ್ಟಿ ಮಾಡಿಸಿದರೆ ಆ ಪಟ್ಟಿ ಕಡತದಲ್ಲೇ ಜೀರ್ಣವಾಗಬೇಕಾಗುತ್ತದೆ. 2017ರಲ್ಲಿ ಬೆಂಗಳೂರು ಮೈಸೂರು ರೈಲುಮಾರ್ಗದ ಜೋಡಿಹಳಿಗಾಗಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿದ್ದನ್ನು ಇದೇ ಊರಿನವರು ಕಣ್ಣಾರೆ ಕಂಡರು. ತಪ್ಪು ಜಾಗದಲ್ಲಿ ಕಟ್ಟಿದ ತನ್ನ ಕಟ್ಟಡವನ್ನು ಹಾಗೆ ಎತ್ತಿಡುವ ಅನುಕೂಲ ಯಾವ ಪುರಸಭೆಗೂ ಇಲ್ಲ.

ಈ ವಿಚಾರಕ್ಕೆ ಬರುವ ಆಕ್ಷೇಪಣೆಗಳನ್ನೂ ನೋಡಬೇಕು. ಬುಕ್ಕರಾಯನ ಶಾಸನವನ್ನು ರಮ್ಯವಾಗಿ ಚಿತ್ರಿಸುವುದು ನನ್ನ ಉದ್ದೇಶವಲ್ಲ. ಜೈನರು ಅಲ್ಲಿ ಬಲಹೀನ ಪಕ್ಷ. ತಮ್ಮ ದೇವರ ರಕ್ಷಣೆಗೆ ತಾವೇ ಹಣ ಕೊಡಬೇಕಾಗಿ ಬಂದದ್ದನ್ನು ವಿಜಯವೆಂದು ಕರೆಯುವುದು ಕಷ್ಟ. ಒಬ್ಬ ವಿಮರ್ಶಕನು ಇದನ್ನು ರಕ್ಷಣೆಯ ತೆರಿಗೆಯೆಂದರೆ ನಾನು ಪೂರ್ತಿಯಾಗಿ ಅಲ್ಲಗಳೆಯಲಾರೆ. ಆದರೆ ಅದರಿಂದಲೇ ಆ ಪದಕ್ಕೆ ಬೆಲೆ ಹೆಚ್ಚುತ್ತದೆ. ಆಜ್ಞೆ ಮಾಡಬಲ್ಲ ಅರಸ, ಬಲಶಾಲಿಯಾದ ಪಕ್ಷ, ಇಬ್ಬರೂ ಇದ್ದ ಆಸ್ಥಾನದಲ್ಲಿ, ಹಣ ಕೊಡುವ ದುರ್ಬಲರ ಅನುಮತವನ್ನು ಕಲ್ಲಿನಲ್ಲಿ ಬರೆಯದೆ ವ್ಯವಸ್ಥೆ ನಿಲ್ಲದೆಂದು ಅವರಿಗೆ ತೋರಿತು. ಹಣವನ್ನು ಕೊಡುವವರ ಕೈಯಲ್ಲೇ ಬಿಡದೆ, ಅರಸನ ಬೊಕ್ಕಸಕ್ಕೂ ಸೇರಿಸದೆ, ಮೂರನೆಯವನಾದ ತಾತಯ್ಯನ ವಶಕ್ಕೆ ಕೊಟ್ಟದ್ದೂ ಗಮನಾರ್ಹ. ಆತ ಎದುರು ಪಕ್ಷದವನು. ಖರ್ಚಿನಲ್ಲಿ ಲೋಪವಾದರೆ ಎರಡು ಸಮಾಜಗಳಿಗೂ ಉತ್ತರ ಹೇಳಬೇಕಾದವನು. ಮುರಿದವರಿಗೆ ಹೇಳಿದ ಶಾಪವೂ ಅಷ್ಟೇ ಅರ್ಥವತ್ತಾದದ್ದು: ತಪಸ್ವಿಯಾಗಲಿ ಗ್ರಾಮಣಿಯಾಗಲಿ ಇದನ್ನು ಕೆಡಿಸಿದರೆ ಎಂದು ಅಧಿಕಾರದಲ್ಲಿರುವವರನ್ನೇ ಎತ್ತಿ ಹೇಳುತ್ತದೆ.

ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸವೇ ಆಗದು, ನೂರು ಬಾಯಿ ನೂರು ಮಾತು ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ಹುರುಳಿಲ್ಲವೆನ್ನಲಾರೆ. ಅನುದಾನಕ್ಕೆ ಅವಧಿಯಿದೆ, ಮಾರ್ಚಿ ಕೊನೆಗೆ ಖರ್ಚಾಗದಿದ್ದರೆ ಹಿಂದಿರುಗೀತೆಂಬ ಭಯ ಮುಖ್ಯಾಧಿಕಾರಿಗೆ ಇದ್ದೇ ಇರುತ್ತದೆ. ಆದರೆ ಕೇಳುವುದೆಂದರೆ ಪ್ರತಿಯೊಬ್ಬನಿಗೂ ತಡೆಯುವ ಅಧಿಕಾರ ಕೊಡುವುದೆಂದಲ್ಲ. ತೀರ್ಮಾನ ಚುನಾಯಿತ ಸಭೆಯದೇ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ ಆ ಸಭೆಗೆ ಮತ ಹಾಕಿ ತಡೆಯುವ ಅಧಿಕಾರವಿರಲಿಲ್ಲ. ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ರೈತರ ಮತ್ತು ವರ್ತಕರ ಪ್ರತಿನಿಧಿಗಳ ಮುಂದಿಟ್ಟು ಅವರ ಮಾತು ಕೇಳುವುದೇ ಅದರ ಉದ್ದೇಶವಾಗಿತ್ತು. ಅಷ್ಟಕ್ಕೇ ಅದು ದೇಶದಲ್ಲಿ ಹೆಸರಾಯಿತು. ಮುಂದಿನ ವರ್ಷದ ಕಾರ್ಯಕ್ರಮ ಎಂಬ ಮಾತನ್ನು ಗಮನಿಸಿ. ಅದೂ ಸಂರಂಭದ ಹಂತವೇ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಆರಂಭದ ಪರಾಂತಕ ಚೋಳನ ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದಿವೆ. ಕೆರೆ, ತೋಟಗಳ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಬಂಧುಗಳೂ ಪುನಃ ಸಮಿತಿಗೆ ಬರಲು ಅರ್ಹರಲ್ಲವೆಂದು ಅವು ವಿಧಿಸುತ್ತವೆ. ಇಂದು ಆ ನಿಯಮ ಜಾರಿಗೆ ಬಂದರೆ ಎಷ್ಟು ಕುರ್ಚಿಗಳು ಖಾಲಿಯಾದಾವೆಂದು ಊಹಿಸುವುದು ವಿನೋದದ ಸಂಗತಿ.

ಬುಕ್ಕರಾಯನ ಒಪ್ಪಂದದ ಇನ್ನೊಂದು ಅಂಶ ನನಗೆ ಬಹಳ ಪ್ರಿಯವಾದದ್ದು. ಮಿಕ್ಕ ಹೊನ್ನು ಹೊಸ ಬಸದಿಗಲ್ಲ, ಜೀರ್ಣವಾದ ಬಸದಿಗಳ ಸುಣ್ಣಕ್ಕೆ. ಹೊಯ್ಸಳ ದಂಡನಾಯಕ ಗಂಗರಾಜನ ಕೀರ್ತಿಯೂ ಬಹುಪಾಲು ಇದೇ ಬಗೆಯದು. ಗಂಗವಾಡಿಯ ಹಾಳಾದ ಬಸದಿಗಳನ್ನೆಲ್ಲ ಅವನು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನಗಳು ಹೊಗಳುತ್ತವೆ. ಸುಣ್ಣಕ್ಕೆ ಉದ್ಘಾಟನೆಯಿಲ್ಲ, ಫಲಕವಿಲ್ಲ. ಆದ್ದರಿಂದಲೇ ಇಂದಿನ ಆಯವ್ಯಯಗಳಲ್ಲಿ ದುರಸ್ತಿಯ ಬಾಬತ್ತು ಯಾವಾಗಲೂ ತೆಳು, ಹೊಸ ಕಾಮಗಾರಿಯ ಬಾಬತ್ತು ಯಾವಾಗಲೂ ದಪ್ಪ. ಆದರೆ ಊರವರನ್ನು ಮೊದಲೇ ಕೇಳಿದರೆ ಹತ್ತರಲ್ಲಿ ಆರು ಮಂದಿ ಹೇಳುವುದು ಹಳೆಯ ಕಟ್ಟಡದ ಸೋರುವ ಸಜ್ಜೆಯ ಬಗ್ಗೆ, ಸಂತೆಯ ದಿನ ಬೀಗ ಹಾಕಿರುವ ಶೌಚಾಲಯದ ಬಗ್ಗೆ. ಹೊಸ ಕಟ್ಟಡವೇ ಬೇಕೆಂದು ಹೇಳುವ ಸಂದರ್ಭಗಳೂ ಇವೆ. ಮಾಡು ಕುಸಿಯುವ ಕಚೇರಿಯಲ್ಲಿ ಗುಮಾಸ್ತರನ್ನು ಕೂರಿಸುವುದು ದಯಾಧರ್ಮವಲ್ಲ. ಕೇಳದೆ ತಿಳಿಯುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಪುರಸಭೆಗಳಿಗೆ ಬುದ್ಧಿ ಹೇಳುವ ಮೊದಲು ನಮ್ಮ ಬಸದಿ ಟ್ರಸ್ಟುಗಳ ಮನೆಯನ್ನೂ ನೋಡಿಕೊಳ್ಳಬೇಕಾಗಿದೆ. ಶ್ರವಣಬೆಳಗೊಳದ ನಗರ ಜಿನಾಲಯವನ್ನು 1195ರಲ್ಲಿ ಪಟ್ಟಣಸ್ವಾಮಿ ನಾಗದೇವನು ಕಟ್ಟಿಸಿದರೂ ಅದರ ರಕ್ಷಣೆ ನಗರದ, ಎಂದರೆ ವರ್ತಕ ಸಮುದಾಯದ, ಹೊಣೆಯಾಯಿತು. ಹೆಸರೂ ಅದರಿಂದಲೇ ಬಂತು. ಮುಂದೆ ಆ ವರ್ತಕರು ತಮ್ಮ ಆದಾಯದಲ್ಲಿ ನೂರಕ್ಕೆ ಒಂದರಂತೆ ಆ ಜಿನಾಲಯದ ಜೀರ್ಣೋದ್ಧಾರಕ್ಕೆ ಕೊಡುವುದಾಗಿ ತಮ್ಮೊಳಗೆ ಒಪ್ಪಿ ಶಾಸನ ಬರೆಸಿಕೊಂಡರು. ಎಲ್ಲರೂ ಕೂಡಿ ಒಪ್ಪಿದ್ದರಿಂದ ಬಚ್ಚಿಡುವವನನ್ನು ಸಮಯದ್ರೋಹಿಯೆನ್ನುವ ಅಧಿಕಾರವೂ ಅವರಿಗೆ ಬಂತು. ಈಗ ನಮ್ಮಲ್ಲಿ ಕಲ್ಯಾಣಮಂಟಪ, ಯಾತ್ರಿನಿವಾಸಗಳ ನಿರ್ಧಾರ ಎಷ್ಟು ಜನರ ನಡುವೆ ಆಗುತ್ತದೆ? ಅಧ್ಯಕ್ಷರು, ಕಾರ್ಯದರ್ಶಿ, ದೊಡ್ಡ ದಾನಿಗಳೊಬ್ಬರು. ವಾರ್ಷಿಕ ಸಭೆಯಲ್ಲಿ ನಕ್ಷೆ ತೋರಿಸುವಾಗ ಪಾಯದ ಅಳತೆಯಾಗಿರುತ್ತದೆ. ತಿಂಗಳಿಗೆ ನೂರು ರೂಪಾಯಿ ಹುಂಡಿಗೆ ಹಾಕುವ ವಿಧವೆಯೊಬ್ಬಳು, ಮಂಟಪಕ್ಕಿಂತ ಮೊದಲು ಬಸದಿಯ ಮೆಟ್ಟಿಲಿಗೊಂದು ಕೈಪಿಡಿ ಹಾಕಿಸಿ ಎಂದು ಕೇಳಬೇಕೆಂದಿದ್ದರೆ ಅವಳಿಗೆ ಸಮಯವೆಲ್ಲಿ? ಪುರಸಭೆಯನ್ನು ಪ್ರಶ್ನಿಸುವ ನೈತಿಕ ಶಕ್ತಿ ನಮಗೆ ಇಲ್ಲಿಂದಲೇ ಬರಬೇಕು.

ಮುಂದಿನ ಆಯವ್ಯಯದ ಪೂರ್ವಭಾವಿ ಸಭೆಗಳಿಗೆ ಈ ನಾಲ್ಕು ಪಟ್ಟಣಗಳ ಬಸದಿ ಸಮಿತಿಗಳು ತಲಾ ಇಬ್ಬರನ್ನಾದರೂ ಕಳುಹಿಸಲೆಂದು ಕೋರುತ್ತೇನೆ. ಹೋದವರು ನಮ್ಮ ಬೀದಿಯ ಚರಂಡಿಯನ್ನು ಮಾತ್ರ ಕೇಳಿ ಬರಬಾರದು. ಹೊಸ ಕಟ್ಟಡದ ಪ್ರಸ್ತಾಪವಿದ್ದರೆ, ಹಳೆಯದನ್ನು ದುರಸ್ತಿ ಮಾಡಲು ತಗಲುವ ವೆಚ್ಚದ ಅಂದಾಜು ಎಲ್ಲಿದೆಯೆಂದು ಕೇಳಬೇಕು. ಕಟ್ಟಿದ ಮೇಲೆ ಹತ್ತು ವರ್ಷ ಅದರ ವಿದ್ಯುತ್ತು, ನೀರು, ಕಾವಲು, ಸುಣ್ಣಬಣ್ಣಗಳಿಗೆ ಯಾವ ಬಾಬತ್ತಿನಿಂದ ಹಣ ಬರುತ್ತದೆಂದು ಕೇಳಬೇಕು. ಉಪಯೋಗಿಸುವವರಲ್ಲಿ ಯಾರು ಯಾರನ್ನು ಮಾತಾಡಿಸಲಾಗಿದೆ, ಅವರು ಹೇಳಿದ್ದರಲ್ಲಿ ಒಪ್ಪದಿದ್ದುದನ್ನು ಏಕೆ ಒಪ್ಪಲಿಲ್ಲವೆಂದು ನಡಾವಳಿಯಲ್ಲಿ ಬರೆಸಬೇಕು. ಬುಕ್ಕರಾಯನ ಶಾಸನವು ತನ್ನ ಪ್ರತಿಯನ್ನು ರಾಜ್ಯದ ಎಲ್ಲ ಬಸದಿಗಳಲ್ಲೂ ಶ್ರೀವೈಷ್ಣವರೇ ನೆಡಿಸಬೇಕೆಂದು ವಿಧಿಸಿತ್ತು. ಕಲ್ಲೇಹದಲ್ಲಿ, ಎಂದರೆ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಅಂತಹ ಒಂದು ಪ್ರತಿ ದೊರೆತಿದೆ. ಆ ಊರಿನ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯೇ ಮುಂದೆ ಅರಸನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಒಪ್ಪಂದವನ್ನು ಜೀರ್ಣೋದ್ಧಾರ ಮಾಡಿಸಿದ್ದು. ಎರಡು ಸಮಾಜಗಳೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದವು. ಹೊಸ ಕಟ್ಟಡದ ಪ್ರಸ್ತಾಪ, ಜಾಗ, ಅಂದಾಜು ಮೊತ್ತ, ಹಣದ ಮೂಲ, ಆಕ್ಷೇಪಣೆಗೆ ಕೊನೆಯ ದಿನ, ಇಷ್ಟನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ, ನಿರ್ಣಯಕ್ಕೆ ಒಂದು ತಿಂಗಳ ಮೊದಲೇ ದೇವಾಲಯ, ಮಸೀದಿ, ಬಸದಿ, ಬಸ್ಸು ನಿಲ್ದಾಣ, ಸಂತೆಮಾಳಗಳ ಬಾಗಿಲಲ್ಲಿ ಅಂಟಿಸಲು ಪುರಸಭೆಗೆ ತಗಲುವ ಖರ್ಚು ಗುದ್ದಲಿ ಪೂಜೆಯ ಶಾಮಿಯಾನದ ಬಾಡಿಗೆಗಿಂತ ಕಡಿಮೆ. ಬಸದಿಯ ಬಾಗಿಲಿಗೆ ಬೇಕಾದ ಹಾಳೆ ಮತ್ತು ಅಂಟನ್ನು ನಮ್ಮ ಟ್ರಸ್ಟುಗಳೇ ಕೊಡಬಹುದು.